ಉತ್ತರ: "ಎಲ್ಲಾ ಆರಾಮ್ ಅದ" ಅಂದು ಫೋನ್ ಇಟ್ಟುಬಿಡೋ ಮುತ್ಯಾ-ಆಯಿಗಳ ಬಗ್ಗೆ

ಕೊರೊನಾ ಟೈಮಿನ್ಯಾಗ ಮುತ್ಯಾ-ಆಯಿಗಳಿಗಿ (ಅಜ್ಜ-ಅಜ್ಜಿಯರಿಗಿ) ಫೋನ್ ಹಚ್ಚಿ ಆರೋಗ್ಯ ವಿಚಾರಿಸೋರೊಬ್ರು "ಅವ್ರು ಏನೂ ಹೇಳಂಗಿಲ್ಲ, ಏನ್ ಮಾಡ್ಲಿ" ಅಂತ ಕೇಳಿದ್ದಕ್ಕ ಆವಾಗ ಬರ್ದ ಉತ್ತರ ಇದು.

ನೀವು ಫೋನ್ ಹಚ್ಚಿದ ಕೂಡ್ಲೆ ಜ್ವರ ಅದನ ಕೆಮ್ಮ ಅದನ ಅಂತ ಫಾರ್ಮ್ ಓದ್ತೀರಿ ಅನ್ಸತದ, ಅದಕ್ಕೇ ಅವ್ರು ಎರಡೇ ಮಾತಿಗಿ ಇಟ್ಟುಬಿಡ್ತಾರ. ಹೂಂ ಅಂದ್ರ ಎಲ್ಲಿ ಕ್ವಾರಂಟೈನ್‌ಗಿ ಒಯ್ತಾರೋ ಅಂತ ಅಂಜಿಕಿ, 2020ರ ಮಾರ್ಚ್‌ನಾಗ ದೇಶದ ಮೊದಲ್ನೇ ಕೊರೊನಾ ಸಾವು ನಮ್ಮ ಕಲಬುರಗಿದಾಗೇ ಆಯ್ತಲ್ಲ, ಅದು ಇನ್ನೂ ಮನಸಿನ್ಯಾಗ ಅದ.

ಮೊದಲು ಆ ಫಾರ್ಮ್ ಬಾಜೂಕ ಇಡ್ರಿ. ವಾರಕ್ಕೊಮ್ಮೆ ಅದೇ ದಿನ ಅದೇ ಟೈಮಿಗಿ ನೀವೇ ಹಚ್ರಿ, ಬ್ಯಾರೆಯವ್ರ ಕೈಲೆ ಹಚ್ಚಿಸಬ್ಯಾಡ್ರಿ, ಮಳಿ ಬಂತಾ ತೊಗರಿ ಹ್ಯಾಂಗದ ಅಂತ ಶುರು ಮಾಡ್ರಿ, ಹೋದ ವಾರ ಅವ್ರು ಹೇಳಿದ್ದು ಒಂದ್ ಮಾತು ಬರ್ಕೊಂಡಿಟ್ಟು ಅದನ್ನೇ ಕೇಳ್ರಿ, ನಾ ಮಾಡಿದ್ದು ಇಷ್ಟೇ, ಮೂರ್ನೇ ವಾರಕ್ಕ ಅವ್ರೇ ಬಿಪಿ ಗುಳಿಗಿ ಮುಗದಾವ ಅಂತ ಹೇಳಕತ್ರು. ಫಾರ್ಮಿನ ಪ್ರಶ್ನೆ ಆವಾಗ ಕೇಳ್ರಿ. ಗುಳಿಗಿ, ರೇಷನ್ ತಂದು ಕೊಡಾಕ ಆಗಂಗಿಲ್ಲ ಅಂದ್ರ ಅವತ್ತೇ ಹೇಳಿಬಿಡ್ರಿ, ಸುಳ್ಳು ಆಸಿ ಹಚ್ಚಬ್ಯಾಡ್ರಿ.

ಕಿವಿ ಮಂದ ಇದ್ದವ್ರಿಗಿ ಫೋನ್ ನಡೀತದ ಅಂತ ಗ್ಯಾರಂಟಿ ಹೇಳಾಕಾಗಲ್ಲ. ಆಶಾ ಅಕ್ಕನ ಸಂಗಟ ಹೋಗಿ ಕಟ್ಟಿ ಕೆಳಗ ಆರು ಫೂಟ್ ದೂರ ನಿಂದ್ರಿ, ಮಾಸ್ಕ್‌ನಾಗ ಮಾರಿ ಗುರ್ತ ಸಿಗಂಗಿಲ್ಲ, ಹೆಸರು ಮೊದಲು ಹೇಳ್ರಿ. ಎರಡು ಸಲ ಫೋನ್ ಎತ್ತಲಿಲ್ಲಂದ್ರ ಬಾಜೂ ಮನಿಯವ್ರಿಗಿ ಹಚ್ಚಿ ಅವತ್ತೇ ನೋಡಿಸ್ರಿ.