ನರಕ್ಕೆ ದಾರಿ ತೋರಿಸುವವರು ಯಾರು?

ಪ್ರಶ್ನೆ: ಕಾವಿಗಿಟ್ಟ ಮೊಟ್ಟೆಯೊಂದು ಒಡೆದಾಗ ಒಳಗೆ ಪುಟ್ಟ ಕಾಲು ಮಿಸುಕಿತು. ಬೆನ್ನುಹುರಿಯಿಂದ ಹೊರಟ ನರಕ್ಕೆ ತನ್ನ ಸ್ನಾಯು ಯಾವುದೆಂದು ತಿಳಿಯುವುದು ಹೇಗೆ?
– ಕೋಳಿ ಸಾಕಣೆದಾರ, ಕಾರ್ಕಳ

ಉತ್ತರ: ರಾಸಾಯನಿಕ ಸಂಕೇತಗಳಿಂದ. ಮೊದಲಿಗೆ, ಕಾಲಿನ ಸ್ನಾಯು ಕಾಲಿನಲ್ಲಿ ಹುಟ್ಟುವುದೇ ಇಲ್ಲ. ಬೆನ್ನುಹುರಿಯ ಪಕ್ಕದ ಸೋಮೈಟ್ ಎಂಬ ಕೋಶಗುಚ್ಛಗಳಿಂದ ಅದರ ಮೂಲಕೋಶಗಳು ಮುಂದೆ ಕಾಲಾಗಿ ಬೆಳೆಯುವ ಮೊಗ್ಗಿಗೆ ವಲಸೆ ಬರುತ್ತವೆ. ಅವನ್ನು ಗುಂಪಿನಿಂದ ಬಿಡಿಸಿ ಹೊರಡಿಸುವುದು ಎಚ್‌ಜಿಎಫ್ ಎಂಬ ಪ್ರೋಟೀನು.

ನರದ ತುದಿಗೆ ಮೊಗ್ಗಿನ ಬುಡದಲ್ಲಿ ಕವಲುದಾರಿ ಎದುರಾಗುತ್ತದೆ. ಹೊಟ್ಟೆಯ ಕಡೆಯ ಭಾಗದಲ್ಲಿ ಎಫ್ರಿನ್ ಪ್ರೋಟೀನು ದಟ್ಟವಾಗಿರುತ್ತದೆ. ಅದನ್ನು ಗುರುತಿಸುವ ಗ್ರಾಹಕ ಪ್ರೋಟೀನು ಹೆಚ್ಚಿರುವ ನರತುದಿ, ಕಾದ ಕಾವಲಿ ತಾಗಿದ ಬೆರಳಿನಂತೆ ಹಿಂದೆ ಸರಿದು ಬೆನ್ನಿನ ಕಡೆಗೆ ತಿರುಗುತ್ತದೆ. ಮೊಣಕಾಲನ್ನು ನೆಟ್ಟಗೆ ಮಾಡುವ ಸ್ನಾಯುಗಳು ಅಲ್ಲಿಯವೇ. ಮಂಗಳೂರಿನಲ್ಲಿ ವರ್ಷಗಟ್ಟಲೆ ಅಂಗರಚನಾಶಾಸ್ತ್ರ ಕಲಿಸಿದವನು ನಾನು. ನರಗಳ ಹೆಸರನ್ನು ಬಾಯಿಪಾಠ ಮಾಡಿಸುವ ಪಠ್ಯಗಳು ಈ ಸೊಗಸನ್ನು ನಾಲ್ಕು ಸಾಲಿನಲ್ಲಿ ಮುಗಿಸುವುದು ಈಗಲೂ ಸಿಟ್ಟು ತರಿಸುತ್ತದೆ.

ತಲುಪಿದರೂ ಉಳಿಯುವ ಭರವಸೆಯಿಲ್ಲ. ಸ್ನಾಯು ಒದಗಿಸುವ ಪೋಷಕ ಪ್ರೋಟೀನು ಸಾಲದೆ, ಚಲನೆಯ ನರಕೋಶಗಳಲ್ಲಿ ಸುಮಾರು ಅರ್ಧದಷ್ಟು ಸಾಯುತ್ತವೆ. 1934ರಲ್ಲಿ ಭ್ರೂಣವಿಜ್ಞಾನಿ ವಿಕ್ಟರ್ ಹ್ಯಾಂಬರ್ಗರ್ ಕೋಳಿ ಭ್ರೂಣದ ರೆಕ್ಕೆಯ ಮೊಗ್ಗನ್ನೇ ತೆಗೆದಾಗ, ಅದೇ ಬದಿಯ ಬೆನ್ನುಹುರಿಯಲ್ಲಿ ನರಕೋಶಗಳು ಕಡಿಮೆಯಾಗಿದ್ದವು. ಅದೂ ನಿಮ್ಮ ಕೋಳಿಮೊಟ್ಟೆಯೊಳಗೇ ನಡೆದ ಪ್ರಯೋಗ.