ಸಂಜೆ ಮಳೆ ಬಂತು ಅಂತ ಪೈಪ್ ಸುತ್ತಿಡಬೇಡಿ

ಯುಗಾದಿ ಕಳೆದು ಮೊದಲ ಗುಡುಗು ಕೇಳಿಸಿತೆಂದರೆ ನನಗೆ ಬರುವ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಒಂದೇ ಆಗಿರುತ್ತದೆ: ಮಳೆ ಬಂದರೂ ಕುಂಡದ ಗಿಡ ಬಾಡುವುದೇಕೆ? ವರ್ಷ ವರ್ಷವೂ ಉತ್ತರ ಕೊಡುತ್ತೇನೆ, ವರ್ಷ ವರ್ಷವೂ ಗಿಡಗಳು ಬಾಡುತ್ತವೆ. ಆದ್ದರಿಂದ ಈ ಸಲ ಅದಕ್ಕೇ ಹೆಚ್ಚು ಜಾಗ. ಕುಂಡದ ತಳದಲ್ಲಿ ತೂತಿರಬೇಕು, ಹೂಗಿಡಕ್ಕೆ ಬಿಸಿಲು ಬೇಕು ಎಂಬುದನ್ನೆಲ್ಲ ಮತ್ತೆ ಹೇಳುವುದಿಲ್ಲ.

ಪ್ರಶ್ನೆ: ನಾವು ತಾರಸಿ ತೋಟ ಮಾಡುವ ಒಂದಷ್ಟು ಗೆಳತಿಯರು ದಿನಾ ಬೆಳಿಗ್ಗೆ ಮೊಬೈಲಿನಲ್ಲಿ ಮಳೆ, ಗಿಡ ಅಂತ ಮಾತಾಡಿಕೊಳ್ಳುತ್ತೇವೆ. ಹೋದ ವಾರ ಇದೇ ಊರಿನ ವಿಜಯನಗರದವರು ಜೋರು ಮಳೆ ಅಂದರು, ಮಂಡ್ಯದವರು ಆಲಿಕಲ್ಲಿನ ಫೋಟೊ ಕಳಿಸಿದರು. ನಮ್ಮಲ್ಲೂ ಅರ್ಧ ಗಂಟೆ ಬಂತು. ಇನ್ನು ಮೂರು ದಿನ ನೀರು ಬೇಡ ಅಂತ ಎಲ್ಲರೂ ಹೇಳಿದ್ದಕ್ಕೆ ನಿಲ್ಲಿಸಿದೆ. ಈಗ ಮಲ್ಲಿಗೆ ಮೊಗ್ಗು ಕಂದಿ ಉದುರುತ್ತಿದೆ, ದಾಸವಾಳ ಜೋತುಬಿದ್ದಿದೆ. ಮಳೆನೀರಿನಲ್ಲೇ ಏನಾದರೂ ದೋಷವಿದೆಯೇ? ಒಬ್ಬರು ಎಪ್ಸಮ್ ಉಪ್ಪು ಹಾಕಿ ಅನ್ನುತ್ತಿದ್ದಾರೆ. (ಕುವೆಂಪುನಗರ, ಮೈಸೂರು)

ಉತ್ತರ: ಮಳೆನೀರಿನಲ್ಲಿ ಯಾವ ದೋಷವೂ ಇಲ್ಲ. ನಿಮ್ಮ ಗಿಡ ಬಾಯಾರಿದೆ.

ಲೆಕ್ಕ ಹಾಕಿ ನೋಡಿ. ಹತ್ತು ಮಿಲಿಮೀಟರ್ ಮಳೆ ಅಂದರೆ ಒಂದು ಚದರ ಮೀಟರ್ ಜಾಗಕ್ಕೆ ಹತ್ತು ಲೀಟರ್ ನೀರು. ಹನ್ನೆರಡು ಇಂಚಿನ ಕುಂಡದ ಬಾಯಿಗೆ ಅದರಲ್ಲಿ ಬೀಳುವ ಪಾಲು ಸುಮಾರು 700 ಮಿಲಿಲೀಟರ್, ಅಂದರೆ ಮುಕ್ಕಾಲು ಲೀಟರೂ ಇಲ್ಲ. ಏಪ್ರಿಲ್ ಬಿಸಿಲಿಗೆ ಮೈತುಂಬ ಎಲೆ ಹೊತ್ತು ನಿಂತ ಮಲ್ಲಿಗೆ ಗಿಡಕ್ಕೆ ಅದು ಒಂದು ದಿನಕ್ಕೂ ಸಾಲದು. ಅದೂ ಪೂರ್ತಿ ಒಳಗೆ ಬಿತ್ತು ಅಂದುಕೊಂಡರೆ. ನಿಮ್ಮ ದಾಸವಾಳದ ಕೊಂಬೆಗಳು ಕುಂಡದ ಬಾಯಿಯನ್ನು ಮೀರಿ ಹರಡಿರುತ್ತವೆ. ಎಲೆ ಮೇಲೆ ಬಿದ್ದ ನೀರು ತುದಿಯಿಂದ ತೊಟ್ಟಿಕ್ಕಿ ಕುಂಡದ ಹೊರಗೇ ಸುರಿದುಹೋಗುತ್ತದೆ. ತಾರಸಿಯೆಲ್ಲ ಒದ್ದೆ, ಬೇರು ಮಾತ್ರ ಒಣ.

ಇನ್ನೊಂದು ತೊಂದರೆ ಕುಂಡದ ಮಣ್ಣಿಗೆ ಬೆರೆಸುವ ಕೊಕೊಪೀಟ್‌ನದು, ಅಂದರೆ ತೆಂಗಿನ ನಾರಿನ ಪುಡಿಯದು. ಒಮ್ಮೆ ಪೂರ್ತಿ ಒಣಗಿತೋ, ಮೇಲಿಂದ ಸುರಿದ ನೀರನ್ನು ಅದು ಬೇಗ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಮಣ್ಣಿನ ಗಡ್ಡೆ ಕುಗ್ಗಿ ಕುಂಡದ ಗೋಡೆಗೂ ಅದಕ್ಕೂ ನಡುವೆ ಬೆರಳು ತೂರುವಷ್ಟು ಸಂದು ಬಿಟ್ಟಿರುತ್ತದೆ. ಸುರಿದ ನೀರು ಆ ಸಂದಿನಲ್ಲಿ ಜಾರಿ ತಳದ ತಟ್ಟೆಗೆ ಬಂದು ನಿಲ್ಲುತ್ತದೆ. ತಟ್ಟೆ ತುಂಬಿದ್ದು ಕಂಡು ಗಿಡ ಕುಡಿದಾಯಿತು ಅಂದುಕೊಳ್ಳುತ್ತೀರಿ. ಇಂಥ ಕುಂಡವನ್ನು ಎತ್ತಿ ಟಬ್ಬಿನ ನೀರಿನಲ್ಲಿ ಗುಳ್ಳೆ ಏಳುವುದು ನಿಲ್ಲುವವರೆಗೆ ಇಡಿ. ಎತ್ತಲಾಗದಷ್ಟು ದೊಡ್ಡದಿದ್ದರೆ ಒಂದು ಚೊಂಬು ನಿಧಾನಕ್ಕೆ ಹಾಕಿ, ಕಾಲು ಗಂಟೆ ಬಿಟ್ಟು ಮತ್ತೊಂದು ಹಾಕಿ. ಮೊದಲನೆಯದು ದಾರಿ ಮಾಡುತ್ತದೆ, ಎರಡನೆಯದು ಒಳಗಿಳಿಯುತ್ತದೆ.

ವಿಜಯನಗರದ ಮಳೆಗೂ ನಿಮ್ಮ ಕುಂಡಕ್ಕೂ ಸಂಬಂಧವಿಲ್ಲ, ಇದನ್ನು ದಯವಿಟ್ಟು ನಿಮ್ಮ ಗೆಳತಿಯರಿಗೂ ಹೇಳಿ. ಈ ತಿಂಗಳ ಮಳೆ ಮಧ್ಯಾಹ್ನದ ಕಾವಿಗೆ ಎದ್ದ ಗುಡುಗು ಮೋಡದ್ದು. ಅಂಥ ಒಂದು ಮೋಡ ಕೆಲವೇ ಕಿಲೋಮೀಟರ್ ಅಗಲವಿರುತ್ತದೆ. ಚಾಮುಂಡಿಬೆಟ್ಟದ ಈಚೆ ಚರಂಡಿ ತುಂಬಿ ಹರಿದ ಸಂಜೆಯೇ ಆಚೆ ದೂಳು ಹಾರುತ್ತಿರಬಹುದು. ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದವರು ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕ ಕೂರಿಸಿರುವುದು ಸುಮ್ಮನೆ ಅಲ್ಲ. ಜೂನ್‌ನಲ್ಲಿ ಮುಂಗಾರು ಬಂದ ಮೇಲೆ ಊರಿಗೆಲ್ಲ ಒಂದೇ ಮಾತು ಹೇಳಬಹುದೇನೋ, ಅಶ್ವಿನಿ, ಭರಣಿ ಮಳೆಗಳಲ್ಲಿ ಆಗದು. ಮೇಲಿಂದ ಕೆಳಗಿನವರೆಗೆ ಒಂದೇ ಅಗಲವಿರುವ ಡಬ್ಬವೊಂದನ್ನು ತಾರಸಿಯಲ್ಲಿ ಬಯಲಿಗಿಡಿ. ಮಳೆ ನಿಂತ ಮೇಲೆ ಮಕ್ಕಳ ಸ್ಕೇಲ್ ಇಳಿಸಿ ಎಷ್ಟು ಮಿಲಿಮೀಟರ್ ನಿಂತಿದೆ ನೋಡಿ. ನಿಮ್ಮ ಮನೆಯ ಮಳೆ ಅದು.

ಅದಕ್ಕಿಂತ ಮುಖ್ಯ, ಬೆರಳು. ಎರಡು ಗೆಣ್ಣು ಮಣ್ಣಿಗೆ ತೂರಿಸಿ. ತಣ್ಣಗಿದ್ದು ಮಣ್ಣು ಅಂಟಿದರೆ ನೀರು ಬೇಡ, ಒಣಗಿದ್ದರೆ ಬೇಕು. ಮಣ್ಣು ಹದವಾಗಿದೆಯೇ ಅಂತ ನಮ್ಮ ರೈತರು ಹಿಡಿ ಮಣ್ಣು ಹಿಚುಕಿ ನೋಡುತ್ತಾರೆಯೇ ಹೊರತು ಪಕ್ಕದೂರಿನವರನ್ನು ಕೇಳುವುದಿಲ್ಲ. ನೆಲದಲ್ಲಿ ಹಾಕಿದ ಗಿಡಕ್ಕೂ ಇದೇ ಮಾತು: ಒಣಗಿದ ಕೆಂಪು ಮಣ್ಣಿನಲ್ಲಿ ಹತ್ತು ಮಿಲಿಮೀಟರ್ ಮಳೆ ಮೂರು ನಾಲ್ಕು ಇಂಚಿನ ಕೆಳಗೆ ಹೋಗುವುದು ಕಷ್ಟ. ಕೈಗುದ್ದಲಿಯಿಂದ ಒಂದು ಕಡೆ ಕೆದಕಿದರೆ ಮೇಲಿನ ಕಪ್ಪು ಪಟ್ಟಿ, ಕೆಳಗಿನ ಒಣ ಮಣ್ಣು ಕಣ್ಣಿಗೇ ಕಾಣುತ್ತದೆ. ಬುಡಕ್ಕೆ ಒಣ ಎಲೆಯನ್ನೋ ತೆಂಗಿನ ನಾರನ್ನೋ ಮುಚ್ಚಿ. ಮಂಡ್ಯದವರಿಗಂತೂ ಕಬ್ಬಿನ ತರಗು ಬೇಕಾದಷ್ಟು ಸಿಗುತ್ತದೆ. ಅದನ್ನು ಗದ್ದೆಯಲ್ಲಿ ಸುಟ್ಟು ಬೂದಿ ಮಾಡುವುದನ್ನು ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಒಂದು ಎಚ್ಚರಿಕೆ. ಎಲೆ ಜೋತುಬಿದ್ದ ಕೂಡಲೇ ಬಕೆಟ್ ಹಿಡಿದು ಓಡಬೇಡಿ. ಮಧ್ಯಾಹ್ನ ಎರಡು ಗಂಟೆಗೆ ದಾಸವಾಳ, ಕುಂಬಳ ಎಲ್ಲವೂ ಸ್ವಲ್ಪ ಬಾಡಿ ಸಂಜೆಗೆ ಎದ್ದು ನಿಲ್ಲುತ್ತವೆ. ಬೆಳಿಗ್ಗೆ ಆರು ಗಂಟೆಗೂ ಜೋತುಬಿದ್ದಿದ್ದರೆ ಮಾತ್ರ ಚಿಂತೆ. ಆಗಲೂ ಮೊದಲು ಬೆರಳು, ಆಮೇಲೆ ನೀರು. ನೀರು ಹೆಚ್ಚಾಗಿ ಬೇರು ಕೊಳೆತ ಗಿಡವೂ ಹಾಗೇ ಬಾಡುತ್ತದೆ, ಅದಕ್ಕೆ ಮತ್ತೆ ನೀರು ಹೊಯ್ದರೆ ಸಾಯಿಸಿದಂತೆಯೇ.

ಮಧ್ಯಾಹ್ನ ನೀರು ಹಾಕಿದರೆ ಹನಿಗಳು ಭೂತಗನ್ನಡಿಯಂತೆ ಎಲೆ ಸುಡುತ್ತವೆ ಎಂಬ ಕಥೆಯನ್ನೂ ಬಿಡಿ. ಸುಡುವುದು ತಾರಸಿಯ ಕಪ್ಪು ಟ್ಯಾಂಕಿನ ನೀರು, ಬಿಸಿಲಿಗೆ ಬಿದ್ದ ಪೈಪಿನೊಳಗಿನ ನೀರು. ಕೈಗೆ ಬಿಸಿ ಅನಿಸಿದ್ದನ್ನು ಬೇರಿಗೆ ಹಾಕಬೇಡಿ.

ಎಪ್ಸಮ್ ಉಪ್ಪು ಮೆಗ್ನೀಸಿಯಮ್ ಸಲ್ಫೇಟ್. ಹಳೆಯ ಎಲೆಗಳಲ್ಲಿ ನರ ಹಸಿರಾಗೇ ಉಳಿದು ನಡುವೆ ಹಳದಿಯಾದರೆ ಅದಕ್ಕೆ ಕೆಲಸವಿದೆ. ಬಾಯಾರಿದ ಬೇರಿಗೆ ಉಪ್ಪು ಹಾಕಲು ಹೇಳುವವರ ಮಾತು ಕೇಳಬೇಡಿ. ಡಿಎಪಿ, ಯೂರಿಯಾ ಕೂಡ ಈಗ ಕುಂಡಕ್ಕೆ ಬೇಡ. ನಾನಾದರೆ ಮಳೆ ಹದಕ್ಕೆ ಬರುವವರೆಗೆ ಒಂದು ಹಿಡಿ ಎರೆಗೊಬ್ಬರಕ್ಕಿಂತ ಹೆಚ್ಚು ಏನೂ ಕೊಡುವುದಿಲ್ಲ.

ಪ್ರಶ್ನೆ: ದಾಸವಾಳದ ತುದಿಗೆ ಬಿಳಿ ಹಿಟ್ಟಿನಂಥ ಹುಳ ಹತ್ತಿದೆ. ಅಂಗಡಿಯವರು ಕೊಟ್ಟ ಔಷಧಿ ಮೂರು ಸಲ ಹೊಡೆದರೂ ಹೋಗುತ್ತಿಲ್ಲ. (ಮಂಡ್ಯ)

ಉತ್ತರ: ಹಿಟ್ಟು ತಿಗಣೆ. ಮೈಮೇಲೆ ಮೇಣದ ಹೊದಿಕೆ ಇರುವುದರಿಂದ ಔಷಧಿ ಸುಲಭಕ್ಕೆ ತಾಗದು. ತಿಗಣೆಯನ್ನು ತಿನ್ನುವ ಹುಳಗಳು ಮಾತ್ರ ಬೇಗ ಸಾಯುತ್ತವೆ. ಪಪ್ಪಾಯಿ ಹಿಟ್ಟು ತಿಗಣೆ 2008ರಲ್ಲಿ ತಮಿಳುನಾಡಿನಲ್ಲಿ ಕಾಣಿಸಿಕೊಂಡು ನಮ್ಮ ಹಿಪ್ಪುನೇರಳೆಗೂ ದಾಟಿದಾಗ ರೈತರು ಔಷಧಿ ಹೊಡೆದು ಹೊಡೆದು ಸೋತರು. ಹತೋಟಿಗೆ ಬಂದದ್ದು 2010ರಲ್ಲಿ ಪೋರ್ಟೊ ರಿಕೊದಿಂದ ತರಿಸಿದ ಚಿಕ್ಕ ಪರಾವಲಂಬಿ ಕಣಜಗಳನ್ನು ಬಿಟ್ಟ ಮೇಲೆ.

ನೀವು ಮಾಡಬೇಕಾದ್ದು: ಮುದುಡಿದ ತುದಿಗಳನ್ನು ಕತ್ತರಿಸಿ ಚೀಲದಲ್ಲಿ ಕಟ್ಟಿ ಎಸೆಯಿರಿ. ಉಳಿದದ್ದನ್ನು ಪೈಪಿನ ರಭಸದ ನೀರಿನಿಂದ ತೊಳೆಯಿರಿ. ಸಂಜೆ ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನೆಣ್ಣೆ, ಕೆಲವು ಹನಿ ಸೋಪಿನ ದ್ರಾವಣ ಕಲಸಿ ಎಲೆಯ ಕೆಳಗೂ ಸಿಂಪಡಿಸಿ. ಇರುವೆ ಹತ್ತದಂತೆ ನೋಡಿಕೊಳ್ಳಿ. ತಿಗಣೆ ಸುರಿಸುವ ಸಿಹಿಗಾಗಿ ಅವೇ ಅದನ್ನು ಕಾಯುತ್ತವೆ. ಮತ್ತೊಂದು, ತಿಗಣೆಗಿಂತ ದೊಡ್ಡದಾಗಿ, ಉದ್ದುದ್ದ ಬಿಳಿ ಎಳೆ ಬಿಟ್ಟುಕೊಂಡು ಚುರುಕಾಗಿ ಓಡಾಡುವ ಹುಳ ಕಂಡರೆ ಹೊಸಕಬೇಡಿ. ಅದು ಗುಲಗಂಜಿ ಹುಳದ ಮರಿ, ತಿಗಣೆಗಳನ್ನು ತಿನ್ನಲು ಬಂದಿರುತ್ತದೆ.

ಪ್ರಶ್ನೆ: ನಿಂಬೆಯ ಎಳೆ ಎಲೆ ಮೇಲೆ ಬಿಳಿ ಗೆರೆ ಎಳೆದಂತಿದೆ. (ಶ್ರೀರಂಗಪಟ್ಟಣ)

ಉತ್ತರ: ರಂಗೋಲಿ ಹುಳ. ಗಿಡ ದೊಡ್ಡದಿದ್ದರೆ ಏನೂ ಮಾಡಬೇಡಿ, ಚಿಕ್ಕದಿದ್ದರೆ ಆ ಎಲೆಗಳನ್ನು ಚಿವುಟಿ ಹಾಕಿ.

ಪ್ರಶ್ನೆ: ಕರಿಬೇವಿಗೆ ಹುಳಿ ಮಜ್ಜಿಗೆ ಎಷ್ಟು ದಿನಕ್ಕೊಮ್ಮೆ ಹಾಕಬೇಕು? (ಸರಸ್ವತಿಪುರಂ)

ಉತ್ತರ: ಬಿಸಿಲಿಗಿಡಿ, ತುದಿ ಚಿವುಟಿ, ಹೂಗೊಂಚಲು ಬಂದರೆ ಮುರಿದುಹಾಕಿ. ಮಜ್ಜಿಗೆ ನೀವು ಕುಡಿಯಿರಿ.

ಪ್ರಶ್ನೆ: ಆನ್‌ಲೈನ್‌ನಲ್ಲಿ ನೀಲಿ ಗುಲಾಬಿಯ ಬೀಜ ತರಿಸಿ ಬಿತ್ತಿದ್ದೆ, ಏನೋ ಹುಲ್ಲಿನಂಥದ್ದು ಬಂದಿದೆ. (ಮದ್ದೂರು)

ಉತ್ತರ: ಬಂದಿರುವುದು ಹುಲ್ಲೇ. ಆಕಾಶನೀಲಿ ಹೂ ಬಿಡುವ ಗುಲಾಬಿಯೇ ಇಲ್ಲ, ಬೀಜ ಎಲ್ಲಿಂದ ಬರಬೇಕು? ಮಾರಿದವರು ಕಳ್ಳರು, ದುಡ್ಡು ವಾಪಸ್ ಕೇಳಿ. ಗುಲಾಬಿ ಬೇಕಿದ್ದರೆ ಕಣ್ಣು ಕಸಿ ಮಾಡಿದ ಗಿಡವನ್ನು ಜೂನ್ ಮಳೆ ಹಿಡಿದ ಮೇಲೆ ನರ್ಸರಿಗೆ ಹೋಗಿ ಬುಡ ನೋಡಿ ತನ್ನಿ. ಕಸಿ ಕಟ್ಟಿದ ಜಾಗದ ಕೆಳಗಿನಿಂದ ಚಿಗುರು ಬಂದಿದ್ದರೆ ಆ ಗಿಡ ಬಿಟ್ಟು ಬೇರೆಯದು ಆರಿಸಿಕೊಳ್ಳಿ.