ಹುಣಸೆ ಬೀಜದ ಪುಡಿಗೆ ಬೈಯಬೇಡಿ

ಪ್ರಶ್ನೆ: ಸುಳ್ಯದ ಹತ್ತಿರ ಸ್ವಲ್ಪ ರಬ್ಬರ್ ತೋಟವಿದೆ. ಮರದಿಂದ ಇಳಿಸಿದ ರಬ್ಬರ್ ಹಾಲನ್ನು ಗಟ್ಟಿ ಮಾಡಲು ಹುಣಸೆ ಬೀಜದ ಪುಡಿ ಹಾಕಿ ಕೆನೆ ಕಟ್ಟಿಸಲು ನೋಡಿದೆ. ಮರುದಿನ ಡ್ರಮ್ಮಿನ ತುಂಬ ಬರೀ ಗಡ್ಡೆ. ಪುಡಿ ಕಲಬೆರಕೆಯೇ ಸಾರ್?

ಉತ್ತರ: ಎಲ್ಲರೂ ಪುಡಿಯ ಕಥೆಯನ್ನೇ ಬರೆಯುತ್ತೀರಿ. ಅಮೋನಿಯಾ ಎಷ್ಟು ಹೊತ್ತಿಗೆ ಹಾಕಿದಿರಿ ಅಂತ ಒಬ್ಬರೂ ಬರೆಯುವುದಿಲ್ಲ! ಹಾಲು ಮರಕ್ಕೆ ಕಟ್ಟಿದ ಕಪ್ಪಿಗೆ ಬಿದ್ದಾಗಿನಿಂದಲೇ ಬ್ಯಾಕ್ಟೀರಿಯಾ ಅದನ್ನು ಹುಳಿ ಮಾಡುತ್ತಿರುತ್ತವೆ. ಅದನ್ನು ತಡೆಯುವುದೇ ಅಮೋನಿಯಾ. ಊಟ ಮುಗಿಸಿ ಬಂದು ಅಮೋನಿಯಾ ಹಾಕಿದರೆ ಏನು ಬಂತು? ತೋಟದಲ್ಲೇ, ಬಕೆಟ್ಟಿಗೆ ಸುರಿಯುವಾಗಲೇ ಸ್ವಲ್ಪ ಹಾಕಿ. ಸೋಸಿದ ಮೇಲೆ ಒಟ್ಟು ಶೇ 1ರ ಆಸುಪಾಸಿಗೆ ತನ್ನಿ. ಕ್ಯಾನನ್ನು ಮಾತ್ರ ಮೂಗಿನ ಕೆಳಗೆ ತೆರೆಯಬೇಡಿ. ನಾನೊಮ್ಮೆ ತೆರೆದು ಅರ್ಧ ಗಂಟೆ ಕಣ್ಣು ಬಿಡಲಾಗದೆ ಕೂತಿದ್ದೆ.

ತೋಟದ ಹಾಲಿನಲ್ಲಿ ರಬ್ಬರ್ ಇರುವುದು ಸುಮಾರು ಶೇ 30ರಿಂದ 40. ರಬ್ಬರಿನ ಸಾಂದ್ರತೆ 0.92, ಸುತ್ತಲಿನ ನೀರಿನದು 1.02. ಹಗುರವಾದದ್ದು ಮೇಲೆ ತೇಲಬೇಕು, ಅಲ್ವಾ? ಆದರೆ ಕಣಗಳು ತೀರಾ ಸಣ್ಣವು, ಸುಮ್ನೆ ಅತ್ತಿತ್ತ ಅಲೆಯುತ್ತಿರುತ್ತವೆ. ಹುಣಸೆ ಬೀಜದ ಅಂಟು ಅವನ್ನು ಗುಂಪು ಕಟ್ಟಿಸುತ್ತದೆ, ಗುಂಪಾದರೆ ಮೇಲೇರುತ್ತವೆ. ಗುಂಪು ಬೇರೆ, ಗಡ್ಡೆ ಬೇರೆ. ಕೆನೆಗೆ ನೀರು ಬೆರೆಸಿ ಕಲಕಿದರೆ ಗುಂಪು ಬಿಡಿಸಿಕೊಳ್ಳುತ್ತದೆ. ನಿಮ್ಮ ಗಡ್ಡೆ ಬಿಡಿಸಿಕೊಳ್ಳುವುದಿಲ್ಲ, ಅದು ಹುಳಿಯ ಕೆಲಸ. ಅದನ್ನು ಸ್ಕ್ರ್ಯಾಪ್ ಲೆಕ್ಕದಲ್ಲಿ ಮಾರಿಬಿಡಿ.

ಮುಂದಿನ ಸಲ ಪುಡಿಯನ್ನು ಹಸಿಯಾಗಿ ಉದುರಿಸಬೇಡಿ. ನೀರಲ್ಲಿ ಬೇಯಿಸಿ ತೆಳು ಗಂಜಿ ಮಾಡಿ, ಆರಿಸಿ, ಬಟ್ಟೆಯಲ್ಲಿ ಸೋಸಿ ಬೆರೆಸಿ. ಆಮೇಲೆ ಮೂರು ನಾಲ್ಕು ದಿನ ಡ್ರಮ್ಮಿನ ಹತ್ತಿರ ಸುಳಿಯಬೇಡಿ. ಗಂಟೆಗೊಮ್ಮೆ ಕೋಲು ಹಾಕಿ ನೋಡುವವರಿಗೆ ಕೆನೆ ಸಿಗುವುದಿಲ್ಲ. ಕೊನೆಗೆ ಕೆಳಗಿನ ನಲ್ಲಿಯಿಂದ ತಿಳಿ ನೀರನ್ನು ಬಿಟ್ಟುಬಿಡಿ.

ಪ್ರಶ್ನೆ: ಒಲೆಯ ಮೇಲೆ ಕಾಯಿಸಿ ಗಟ್ಟಿ ಮಾಡಬಹುದೇ?

ಉತ್ತರ: ಪೊರೆ ಕಟ್ಟಿ ಪಾತ್ರೆ ಹಾಳಾಗುತ್ತದೆ. ಆವಿ ಮಾಡುವ ಪದ್ಧತಿ ಇರುವುದು ನಿಜ. ಆದರೆ ಪೊಟ್ಯಾಶಿಯಂ ಹೈಡ್ರಾಕ್ಸೈಡ್, ಸೋಪು ಸೇರಿಸಿ ಫ್ಯಾಕ್ಟರಿಯಲ್ಲಿ ಮಾಡುತ್ತಾರೆ.

ಪ್ರಶ್ನೆ: ಡೈರಿಯ ಕೆನೆ ತೆಗೆಯುವ ಯಂತ್ರ ಆಗುತ್ತದೆಯೇ?

ಉತ್ತರ: ತತ್ವ ಒಂದೇ, ರಬ್ಬರ್ ಹಾಲಿನ ಯಂತ್ರ ಬೇರೆ. ಬೇಡ.

ಪ್ರಶ್ನೆ: ಸಂತೆಯಲ್ಲಿ ‘ಹಾಲು ದಪ್ಪ ಮಾಡುವ ಮದ್ದು’ ಅಂತ ಬಾಟಲಿ ಮಾರುತ್ತಾರೆ. ತಗೊಳ್ಳಲೇ?

ಉತ್ತರ: ಮೈದಾ ಗಂಜಿ ಹಾಕಿದರೂ ಹಾಲು ದಪ್ಪವಾಗುತ್ತದೆ. ಕೊಳ್ಳುವವರು ದುಡ್ಡು ಕೊಡುವುದು ಒಣ ರಬ್ಬರಿಗೆ, ಅಂದರೆ ಡಿಆರ್‌ಸಿಗೆ (ಡ್ರೈ ರಬ್ಬರ್ ಕಂಟೆಂಟ್, ಹಾಲಿನಲ್ಲಿರುವ ಒಣ ರಬ್ಬರಿನ ಪಾಲು). ಬಾಟಲಿ ಮಾರುವವನಿಗೆ ಡಿಆರ್‌ಸಿ ಅಂದರೇನು ಅಂತ ಕೇಳಿ ನೋಡಿ.